ಬಾಯಿ ನೋಡುವವರು ಯಾರು?

ಸವದತ್ತಿ ಸೀಮೆಯ ಗಂಡಸು ಊಟಕ್ಕೆ ಕೂತಾಗ ರಂಜಕ ಬೇಡವೆಂದರೆ ಮನೆಯವರು ತಿರುಗಿ ನೋಡಬೇಕು. ಕೆಂಪು ಮೆಣಸಿನಕಾಯಿಯ ಆ ಚಟ್ನಿ ಇಲ್ಲದೆ ಇಲ್ಲಿ ಜೋಳದ ರೊಟ್ಟಿ ಗಂಟಲಿಗಿಳಿಯುವುದಿಲ್ಲ. ಇಪ್ಪತ್ತೈದು-ಮೂವತ್ತರ ಹರೆಯದವನೊಬ್ಬ ‘ಖಾರ ತಡಕೊಳ್ಳಾಕ ಆಗವಲ್ದು, ಬಾಯಿ ಉರೀತೈತಿ’ ಎನ್ನುತ್ತಾನೆ. ಹೀಟ್ ಆಗಿರಬೇಕು, ಮಜ್ಜಿಗೆ ಕುಡಿ ಎನ್ನುತ್ತಾರೆ. ಕೆಲ ತಿಂಗಳ ಮೇಲೆ ಕಟಕ ರೊಟ್ಟಿ ಬಿಟ್ಟು ಸಾರಿನಲ್ಲಿ ನೆನೆಸಿದ್ದನ್ನೇ ತಿನ್ನತೊಡಗುತ್ತಾನೆ. ಮುಂದೊಂದು ದಿನ ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಬಾಯೊಳಗೆ ತೂರಿಸಲು ಅವನಿಗೆ ಆಗುವುದಿಲ್ಲ. ಅಷ್ಟರಲ್ಲಿ ಎರಡು-ಮೂರು ವರ್ಷ ಕಳೆದಿರುತ್ತದೆ. ಅಷ್ಟೂ ಕಾಲ ಅವನ ಬಾಯಿಯೊಳಗೆ ಯಾರೂ ಟಾರ್ಚು ಬಿಟ್ಟಿರುವುದಿಲ್ಲ.

ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗವನ್ನು 1952ರಲ್ಲಿ ಶ್ವಾರ್ಟ್ಜ್ ಎಂಬವರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ ಗುರುತಿಸಿದರು. ಮರುವರ್ಷ ಮುಂಬಯಿಯ ಜೋಶಿ ಇದನ್ನೇ ನಮ್ಮ ದೇಶದಲ್ಲಿ ಕಂಡು ಬರೆದರು. ಕಾರಣ ಅಡಿಕೆ. ಅದರಲ್ಲಿರುವ ಅರೆಕೋಲಿನ್ ಒಳಕೆನ್ನೆಯ ಕೊಲಾಜನ್ ತಯಾರಿಸುವ ಕೋಶಗಳನ್ನು ಕೆಣಕುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ಎಳೆಗಳನ್ನು ಬಿಗಿಯಾಗಿ ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೆತ್ತಗಿದ್ದ ಕೆನ್ನೆ ಒಳಗಿನಿಂದ ನಾರುಗಟ್ಟುತ್ತದೆ. ಎರ್ನಾಕುಲಂ ಕಡೆಯ 66 ರೋಗಿಗಳನ್ನು ಹದಿನೇಳು ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ, ಅವರಲ್ಲಿ ಶೇ. 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು.

ಬಾಯಿ ತೀರ ಕಟ್ಟಿಕೊಂಡಾಗ ಶಸ್ತ್ರಚಿಕಿತ್ಸಕರು ಆ ನಾರಿನ ಪಟ್ಟಿಗಳನ್ನು ಕೊಯ್ದು, ಬಯಲಾದ ಜಾಗಕ್ಕೆ ಕೆನ್ನೆಯೊಳಗಿನದೇ ಕೊಬ್ಬನ್ನೋ ಮೂಗಿನ ಬದಿಯ ಚರ್ಮವನ್ನೋ ತಂದು ಹೊದಿಸುತ್ತಾರೆ. ಕೈಚಳಕದ ಕೆಲಸ ಅದು. ಆದರೆ ಅದರ ಫಲ ನಿಲ್ಲುವುದು ಆಪರೇಷನ್ ಥಿಯೇಟರಿನ ಹೊರಗೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ತುರುಕಿ, ದಿನ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುತ್ತ ರೋಗಿ ತಿಂಗಳುಗಟ್ಟಲೆ ಬಾಯಿ ಹಿಗ್ಗಿಸಬೇಕು. ನೋವಿಗೆ ಹೆದರಿ ಅದನ್ನು ಬಿಟ್ಟರೆ, ಅಥವಾ ಗುಟಖಾ-ಪಾನ್ ಮಸಾಲೆಯ ಚೀಟು ಹರಿಯುವುದನ್ನು ಬಿಡದಿದ್ದರೆ, ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ್ದು, ನಮ್ಮ ಭಾಗದಲ್ಲಿ ಕತ್ತರಿಗೆ ಬರಗಾಲ ಇಲ್ಲ ಎನ್ನುವುದಕ್ಕೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿದೆ. ಸೀಳುತುಟಿಯಿಂದ ಹಿಡಿದು ದವಡೆಯ ವಿಕಾರಗಳವರೆಗೆ ಅಲ್ಲಿನ ಕ್ರೇನಿಯೋಫೇಶಿಯಲ್ ವಿಭಾಗ ಹೆಸರು ಮಾಡಿದೆ. ಬೆಳಗಾವಿಯಲ್ಲಿ ಕೆಎಲ್‌ಇಯ ದಂತ ಕಾಲೇಜು, ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ. ಯಲ್ಲಮ್ಮನ ಗುಡ್ಡದ ಬುಡದ ಉಗರಗೋಳದಿಂದ ಇವುಗಳಲ್ಲಿ ಯಾವುದಕ್ಕೂ ಬೆಳಿಗ್ಗೆ ಹೋದವರು ಸಂಜೆ ಮರಳಬಹುದು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖಾತ್ರಿಯೂ ಇದೆ. ಆದರೂ ದವಡೆ ಕೊರೆದು ಕೆನ್ನೆ ತೂತಾದ ಮೇಲೆಯೇ ಜನ ಬರುತ್ತಾರೆ. ಬಡತನ, ಅಜ್ಞಾನ ಎಂದು ಕೈತೊಳೆದುಕೊಳ್ಳುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆ ಎಂಬ ವೃತ್ತಿ ತನ್ನ ಜಾಣತನವನ್ನೂ ಜಗಳವನ್ನೂ ಆಪರೇಷನ್ ಮೇಜಿನ ಸುತ್ತಲೇ ಕಟ್ಟಿಕೊಂಡಿದೆ. ಮೇಜಿಗೆ ಬರುವ ಮುಂಚಿನ ಮೊದಲ ನೋಟ ಯಾರ ಹೊಣೆ ಎಂಬುದನ್ನು ಯಾರೂ ತಮ್ಮ ಪ್ರಶ್ನೆಯೆಂದು ಎತ್ತಿಕೊಂಡಿಲ್ಲ.

ಜಗಳದ ಸಂಗತಿಯನ್ನೇ ಮೊದಲು ನೋಡೋಣ. ನಮ್ಮಲ್ಲಿ ಬಾಯಿ-ದವಡೆ-ಮುಖದ ಶಸ್ತ್ರಚಿಕಿತ್ಸಕ ಬಿಡಿಎಸ್ ಮುಗಿಸಿ ಮೂರು ವರ್ಷ ಎಂಡಿಎಸ್ ಓದಿದವರು. ಜರ್ಮನಿ, ಬ್ರಿಟನ್ನಿನಂಥ ಕಡೆ ಇದೇ ಕೆಲಸಕ್ಕೆ ದಂತವೈದ್ಯ, ವೈದ್ಯ ಎರಡೂ ಪದವಿ ಬೇಕು. ಹಾಗಾಗಿ ಇಲ್ಲಿ ಪ್ಲಾಸ್ಟಿಕ್ ಸರ್ಜನ್ನರು, ಕಿವಿ-ಮೂಗು-ಗಂಟಲಿನವರು, ಕ್ಯಾನ್ಸರ್ ಶಸ್ತ್ರಚಿಕಿತ್ಸಕರು ‘ಹಲ್ಲಿನ ಡಾಕ್ಟರಿಗೆ ಕುತ್ತಿಗೆಯಲ್ಲೇನು ಕೆಲಸ’ ಎನ್ನುತ್ತಾರೆ. ದವಡೆಯ ಮುರಿತವನ್ನು ಹಲ್ಲುಗಳ ಕಚ್ಚು ಕೂಡುವಂತೆ ಜೋಡಿಸುವುದು ನಮ್ಮಷ್ಟು ಯಾರಿಗೆ ಗೊತ್ತು ಎಂದು ಇವರು ಕೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಈಚಿನ ವರ್ಷಗಳಲ್ಲಿ ಜಗಳ ಬಿರುಸಾದದ್ದು ಯಾವುದರ ಮೇಲೆ ಎಂದರೆ, ಬೋಳುತಲೆಗೆ ಕೂದಲು ಕಸಿ ಮಾಡುವ ಹಕ್ಕು ಯಾರದು ಎಂಬುದರ ಮೇಲೆ. ಚರ್ಮವೈದ್ಯರ ಸಂಘಟನೆಗಳು ಒಂದು ಕಡೆ, ಮುಖದ ಶಸ್ತ್ರಚಿಕಿತ್ಸಕರು ಇನ್ನೊಂದು ಕಡೆ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದಿತು. ಆದರೆ ಹಿತ್ತಲಿನ ಬೇಲಿಯ ಈ ವ್ಯಾಜ್ಯ ಕಾಯ್ದೆ ಬದಲಾದ ಮಾತ್ರಕ್ಕೆ ಇತ್ಯರ್ಥವಾಗುವಂಥದ್ದಲ್ಲ. ಕೂದಲಿಗೆ ಬೆಂಗಳೂರಿನಲ್ಲಿ ದುಡ್ಡಿದೆ. ಉಗರಗೋಳದ ಬಾಯಿಗೆ ಇಲ್ಲ.

ಮುಖ ಯಾರದೆಂಬ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ತಮಾಷೆಯಾಗಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕೌಸ್‌ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಮಾಡಿದವನು ಇಟ್ಟಿಗೆ ಮಾಡುವ ಜಾತಿಯವನು ಎಂದು 1794ರ ಅಕ್ಟೋಬರಿನ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಚಿತ್ರಸಮೇತ ವರದಿ ಮಾಡಿತು. ಅದನ್ನೋದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಇಪ್ಪತ್ತು ವರ್ಷದ ಮೇಲೆ ಲಂಡನ್ನಿನಲ್ಲಿ ಅದೇ ವಿಧಾನ ಹಿಡಿದ. ಮೊದಲ ಮಹಾಯುದ್ಧದಲ್ಲಿ ಸಿಡಿಗುಂಡಿಗೆ ಮುಖ ಹಾರಿಹೋದ ಸೈನಿಕರನ್ನು ಸರಿಪಡಿಸಿ ಆಧುನಿಕ ಪ್ಲಾಸ್ಟಿಕ್ ಸರ್ಜರಿಗೆ ಅಡಿಪಾಯ ಹಾಕಿದ ಹೆರಾಲ್ಡ್ ಗಿಲೀಸ್ ಮೂಲತಃ ಕಿವಿ-ಮೂಗಿನ ವೈದ್ಯ. ದವಡೆಯ ಕೆಲಸಕ್ಕೆ ಅವರ ಕಣ್ಣು ತೆರೆಸಿದ್ದು ಫ್ರಾನ್ಸಿನ ಯುದ್ಧಾಸ್ಪತ್ರೆಯಲ್ಲಿದ್ದ ವ್ಯಾಲಾಡಿಯೆ ಎಂಬ ದಂತವೈದ್ಯ. ಈ ವಿದ್ಯೆ ಹುಟ್ಟಿದ್ದೇ ಬೇಲಿ ಹಾರಿ.

ಈಗ ಲೆಕ್ಕಕ್ಕೆ ಬರೋಣ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಸುಮಾರು 1.43 ಲಕ್ಷ ಹೊಸ ರೋಗಿಗಳು. ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಅದೇ ವರ್ಷದ ಲೆಕ್ಕವಿಟ್ಟು 2024ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂದ ಅಧ್ಯಯನ, ಭಾರತದಲ್ಲಿ 83 ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಜಗಿಯುವ ತಂಬಾಕು ಮತ್ತು ಅಡಿಕೆಯ ಖಾತೆಗೆ ಬರೆಯಿತು. ಕಾರಣ ಗೊತ್ತಿದೆ, ಜಾಗ ಗೊತ್ತಿದೆ. ಹೊಟ್ಟೆಯೊಳಗಿನ ಗಡ್ಡೆಯಂತೆ ಸ್ಕ್ಯಾನಿಂಗ್ ಬೇಕಿಲ್ಲ, ಬಾಯಿ ತೆರೆದರೆ ಸಾಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, ಕ್ಯಾನ್ಸರಿಗಾಗಿ ಒಮ್ಮೆಯಾದರೂ ಬಾಯಿ ತೋರಿಸಿಕೊಂಡಿದ್ದೇವೆ ಎಂದವರು ಹೆಂಗಸರಲ್ಲಿ ಶೇ. 0.9, ಗಂಡಸರಲ್ಲಿ ಶೇ. 1.2. ನೂರಕ್ಕೆ ಒಬ್ಬರು.

ನೋಡಿದರೆ ಪ್ರಯೋಜನವುಂಟೇ ಎಂಬ ಸಂಶಯಕ್ಕೂ ಉತ್ತರ ದೂರದಲ್ಲಿಲ್ಲ. ತಿರುವನಂತಪುರ ಜಿಲ್ಲೆಯ 13 ಪಂಚಾಯತಿ ಪ್ರದೇಶಗಳಲ್ಲಿ 1996ರಿಂದ ನಡೆದ ಪ್ರಯೋಗ ಲೋಕಪ್ರಸಿದ್ಧ. ಅವುಗಳಲ್ಲಿ ಕೆಲವೆಡೆ ವೈದ್ಯರಲ್ಲದ, ತರಬೇತಿ ಪಡೆದ ಪದವೀಧರರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದರು. ಉಳಿದ ಪ್ರದೇಶಗಳಲ್ಲಿ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗ ಇಳಿದಿತ್ತು. ಅಭ್ಯಾಸ ಇಲ್ಲದವರಲ್ಲಿ ಲಾಭ ಕಾಣಲಿಲ್ಲ. ಈ ಎರಡನೆಯ ಮಾತನ್ನು ನುಂಗಬಾರದು. ಊರಿಗೆ ಊರೇ ಸಾಲುಗಟ್ಟಿ ಬಾಯಿ ತೆರೆಯಬೇಕಿಲ್ಲ. ಚೀಟು ಹರಿಯುವವರು, ಎಲಿ-ಅಡಿಕಿ-ತಂಬಾಕು ಹಾಕುವವರು, ಕುಡಿಯುವವರು ತೆರೆದರೆ ಸಾಕು, ಮತ್ತು ಅವರು ಯಾರೆಂದು ಪ್ರತಿ ಓಣಿಗೂ ಗೊತ್ತಿರುತ್ತದೆ.

ಶಸ್ತ್ರಚಿಕಿತ್ಸೆಯ ಸಂಶೋಧನೆಯೂ, ಸರಿಯಾಗಿ ಓದಿಕೊಂಡರೆ, ಇದೇ ದಿಕ್ಕಿಗೆ ಬೆರಳು ಮಾಡುತ್ತದೆ. ಬಾಯಿಯ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿ, ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೆ ಏನು ಮಾಡಬೇಕು? ಗಡ್ಡೆಯೊಂದಿಗೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೋ, ಗಂಟು ಬಂದಾಗ ನೋಡಿಕೊಂಡರಾಯಿತೋ? ಐವತ್ತು ವರ್ಷ ವಾದ ಮಾಡಿಯೂ ಬಗೆಹರಿಯದ ಇದನ್ನು ಬಗೆಹರಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದಂತೆ, ಮೊದಲೇ ಗ್ರಂಥಿ ತೆಗೆದವರಲ್ಲಿ ಮೂರು ವರ್ಷ ಬದುಕಿದವರು ಶೇ. 80, ಕಾದು ನೋಡಿದವರಲ್ಲಿ ಶೇ. 67.5. ಜಗತ್ತು ಇದನ್ನು ಒಂದು ಆಪರೇಷನ್ನಿನ ಗೆಲುವೆಂದು ಓದಿತು. ನಾನು ಇನ್ನೊಂದನ್ನೂ ಓದುತ್ತೇನೆ. ಕಾದು ನೋಡಿದವರಲ್ಲಿ ಕುತ್ತಿಗೆಯ ರೋಗ ಪತ್ತೆಯಾಗುವ ಹೊತ್ತಿಗೆ ಬಲಿತುಬಿಟ್ಟಿತ್ತು. ಟಾಟಾದಂಥ ಆಸ್ಪತ್ರೆಯ ನಿಗಾದಲ್ಲಿ, ಕರೆದಾಗ ಬರುವವರಲ್ಲೇ ಹೀಗಾದರೆ, ಪೀಕು-ಸುಗ್ಗಿ-ಜಾತ್ರೆಗಳ ನಡುವೆ ಬಸ್ಸು ಹಿಡಿದು ತಪಾಸಣೆಗೆ ಹೋಗಬೇಕಾದವನಿಗೆ ‘ಕಾದು ನೋಡೋಣ’ ಎಂಬ ಸಲಹೆಯ ಅರ್ಥವೇನು?

ಇನ್ನು ನೋಡುವವರು ಯಾಕಿಲ್ಲ ಎಂಬುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ವೈದ್ಯರ ಹುದ್ದೆಯೇ ಇರುವುದಿಲ್ಲ. ಮೇಲಿನ ಹಂತದ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಹಲ್ಲು ಕೀಳುವವರ ಸಾಲು. ಕಾಗದದ ಮೇಲೆ ಮೊದಲ ನೋಟದ ಕೆಲಸ ಆಶಾ ಕಾರ್ಯಕರ್ತೆಯದು. ಮೂವತ್ತು ದಾಟಿದವರ ಬಗ್ಗೆ ಆಕೆ ತುಂಬುವ ನಮೂನೆಯಲ್ಲಿ ಬಾಯಿ ತೆರೆಯಲು ತೊಂದರೆಯಿದೆಯೇ, ಎರಡು ವಾರದಲ್ಲಿ ಮಾಯದ ಹುಣ್ಣಿದೆಯೇ ಎಂಬ ಪ್ರಶ್ನೆಗಳಿವೆ. ಒಳ್ಳೆಯ ಪ್ರಶ್ನೆಗಳು. ಆದರೆ ಹುಣ್ಣು ನೋಯುವುದಿಲ್ಲವಾದರೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ, ಮತ್ತು ಕ್ಯಾನ್ಸರಿನ ಮೊದಲ ಹುಣ್ಣು ನೋಯದಿರುವುದೇ ಹೆಚ್ಚು. ಕೇಳಿದರೆ ಸಾಲದು, ನೋಡಬೇಕು. ಊರಿನ ಸೊಸೆಯಾದ ಆಶಾ ಮಾವನ ವರಸೆಯ ಹಿರಿಯನಿಗೆ ‘ಬಾಯಿ ತೆರೀರಿ’ ಎನ್ನುವುದು ಹೇಗೆ? ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ಜನ ನಾವು. ನಮ್ಮ ಬಾಯಿಗೆ ಆ ಪಾಳಿ ಬಂದರೆ ಅವಮಾನವೆನಿಸುತ್ತದೆ. ‘ಯಾಕವಾ, ನನ್ನನ್ನ ಸಂತಿಗೆ ಮಾರಾಕ ಒಯ್ತಿಯೇನ’ ಎಂದು ನಕ್ಕುಬಿಟ್ಟರೆ ಅಲ್ಲಿಗೆ ಮುಗಿಯಿತು. ಈ ಕೆಲಸಕ್ಕೆ ಗಂಡು ಆರೋಗ್ಯ ಕಾರ್ಯಕರ್ತರನ್ನೋ, ಕಾಲೇಜಿನ ಯುವ ದಂತವೈದ್ಯರನ್ನೋ ಜತೆಗೆ ಕಳಿಸಬೇಕೆಂಬುದು ದೊಡ್ಡ ಸಂಶೋಧನೆಯೇನಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯನ್ನೂ ಸೇರಿಸಿಕೊಂಡಿದೆ. ಅದರ ಯಶಸ್ಸು ನಿಂತಿರುವುದು ಇಂಥ ಸಣ್ಣ ಸಂಕೋಚಗಳ ಮೇಲೆ.

ದಂತ ಕಾಲೇಜುಗಳು ಶಿಬಿರ ಮಾಡುವುದಿಲ್ಲವೇ? ಮಾಡುತ್ತವೆ. ಪೆಂಡಾಲು, ಬ್ಯಾನರು, ಟೂತ್‌ಪೇಸ್ಟು, ಫೋಟೊ. ಮುಂದಿನ ವರ್ಷ ಬೇರೆ ಊರು. ಬಿಡಿ.

ಮೊದಲ ನೋಟ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾನ್ಸರಿನಾಚೆಯೂ ಉದಾಹರಣೆಯಿದೆ. ಸೀಳುತುಟಿಯ ಕೂಸು ಹುಟ್ಟಿದರೆ ಸೂಲಗಿತ್ತಿಗೂ ಕಾಣುತ್ತದೆ. ಗ್ರಹಣ ಕಾಲಕ್ಕೆ ಬಸುರಿ ಏನೋ ಕೊಯ್ದಳು ಎಂದು ತಾಯಿಯ ಮೇಲೆ ತಪ್ಪು ಹೊರಿಸಿಯಾದರೂ ಊರು ಅದನ್ನು ಗಮನಿಸುತ್ತದೆ, ಕೊನೆಗೆ ಯಾರೋ ಧಾರವಾಡಕ್ಕೆ ಹೋಗಿ ಎನ್ನುತ್ತಾರೆ. ಉಚಿತವಾಗಿ ತುಟಿ ಹೊಲಿಯುವ ವ್ಯವಸ್ಥೆ ಇಂದು ಭದ್ರವಾಗಿದೆ. ಆದರೆ ತುಟಿ ಸರಿಯಿದ್ದು ಅಂಗಳು ಮಾತ್ರ ಸೀಳಿದ್ದರೆ? ಬಾಯೊಳಗೆ ಬೆಳಕು ಬಿಟ್ಟು ನೋಡದೆ ಅದು ತಿಳಿಯುವುದಿಲ್ಲ. ಹಾಲು ಮೂಗಿನಲ್ಲಿ ಬಂದಾಗ ‘ಕೂಸಿಗೆ ಕುಡಿಯಾಕ ಬರವಲ್ದು’ ಎನ್ನುತ್ತಾರೆ. ಅಂಗಳನ್ನು ಯಾವಾಗ ಹೊಲಿಯಬೇಕು ಎಂಬುದರ ಮೇಲೆ ಯುರೋಪು ಮತ್ತು ಬ್ರೆಜಿಲ್‌ನ 23 ಆಸ್ಪತ್ರೆಗಳು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಆರು ತಿಂಗಳಿಗೆ ಹೊಲಿಸಿಕೊಂಡ ಮಕ್ಕಳಲ್ಲಿ ಐದನೆಯ ವಯಸ್ಸಿಗೆ ಮಾತಿನ ಗಾಳಿ ಮೂಗಿಗೆ ಸೋರುವ ತೊಂದರೆ ಶೇ. 8.9, ಹನ್ನೆರಡು ತಿಂಗಳಿಗೆ ಹೊಲಿಸಿಕೊಂಡವರಲ್ಲಿ ಶೇ. 15. ಸಮ್ಮೇಳನಗಳಲ್ಲಿ ಆರೋ ಹನ್ನೆರಡೋ ಎಂಬ ಚರ್ಚೆ ಚೆನ್ನಾಗಿಯೇ ನಡೆಯುತ್ತದೆ. ಅಂಗಳು ಸೀಳಿದ್ದೇ ಒಂದೂವರೆ ವರ್ಷಕ್ಕೆ ಗೊತ್ತಾಗುವ ಕೂಸಿಗೆ ಆ ಚರ್ಚೆ ತಲುಪುವುದಿಲ್ಲ. ಶಾಲೆ-ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ಸರಕಾರಿ ಕಾರ್ಯಕ್ರಮ 2013ರಿಂದ ಇದೆ. ಸೀಳುತುಟಿ-ಅಂಗಳು ಅದರ ಪಟ್ಟಿಯಲ್ಲೇ ಇದೆ. ಹೆರಿಗೆ ಕೋಣೆಯಲ್ಲೇ ಒಂದು ನಿಮಿಷ ನೋಡಿದ್ದರೆ ಅದಕ್ಕೆ ಕಾಯಬೇಕಿರಲಿಲ್ಲ.

ಮನಸ್ಸು ಮಾಡಿದರೆ ನಾಡಿಗೆ ನಾಡೇ ಬಾಯಿ ನೋಡಲು ಕಲಿಯುತ್ತದೆ ಎಂಬುದು 2021ರಲ್ಲಿ ಸಾಬೀತಾಗಿದೆ. ಕೋವಿಡ್ ಹಿಂದೆಯೇ ಕಪ್ಪು ಶಿಲೀಂಧ್ರ ಬಂತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ. ಮೇಲಿನ ಹಲ್ಲು ಅಲುಗಾಡುತ್ತಿದೆಯೇ, ಅಂಗಳು ಕಪ್ಪಾಗಿದೆಯೇ, ಕೆನ್ನೆ ಜೋಮು ಹಿಡಿದಿದೆಯೇ ಎಂದು ಸಕ್ಕರೆ ಕಾಯಿಲೆಯವರಿದ್ದ ಮನೆಗಳಲ್ಲಿ ಮೊಬೈಲ್ ಬೆಳಕಿನಲ್ಲೇ ನೋಡಿಕೊಂಡರು. ಆ ದಿನಗಳಲ್ಲಿ ದಂತವೈದ್ಯ, ಕಿವಿ-ಮೂಗಿನವರು, ಕಣ್ಣಿನವರು ಒಂದೇ ಥಿಯೇಟರಿನಲ್ಲಿ ನಿಂತು ಕೊಳೆತ ಮೇಲ್ದವಡೆ ತೆಗೆದರು. ಮುಖ ಯಾರ ಸ್ವತ್ತೆಂದು ಆಗ ಯಾರೂ ಕೇಳಲಿಲ್ಲ.

ಅಡಿಕೆಯ ವಿಷಯಕ್ಕೆ ಬಂದರೆ ನಮ್ಮ ರಾಜ್ಯದ ನಾಲಿಗೆ ತಡವರಿಸುತ್ತದೆ. 2013ರಲ್ಲಿ ಕರ್ನಾಟಕ ಗುಟಖಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯದೊಂದು ಚೀಟು, ತಂಬಾಕಿನದೊಂದು ಚೀಟು ಬೇರೆಬೇರೆ ಮಾರತೊಡಗಿದರು. ಕೊಂಡವನು ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ನಿಷೇಧಿತ ಪದಾರ್ಥ ತಯಾರು. ತಂಬಾಕಿನ ಚೀಟು ಕೊಳ್ಳದೆ ‘ನಾ ಬರೇ ಮಸಾಲಿ ತಿಂತೀನಿ’ ಎನ್ನುವವನಿಗೂ ಬಾಯಿ ಕಟ್ಟಿಕೊಳ್ಳುತ್ತದೆ, ಏಕೆಂದರೆ ಕಟ್ಟುವುದು ತಂಬಾಕಲ್ಲ, ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿತು. ಮಲೆನಾಡಿನ ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ಊಟದ ಮೇಲೆ ಎರಡು ಹೋಳು ಹಾಕುವ ಅಜ್ಜಿಯನ್ನೂ ದಿನಕ್ಕೆ ಹದಿನೈದು ಚೀಟು ಹರಿಯುವ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎನ್ನುವ ಅವರ ಮಾತು ತಳ್ಳಿಹಾಕುವಂಥದ್ದಲ್ಲ, ಪ್ರಮಾಣ ಮುಖ್ಯವೇ. ಆದರೆ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಆ ಅಡಿಕೆ ಮಸಾಲೆಯ ಕಾರ್ಖಾನೆಗೆ ಹೋಗುತ್ತದೆಂಬುದನ್ನು ಮರೆತಂತೆ ನಟಿಸುವುದು ಸರಿಯಲ್ಲ. ಬೆಳೆಗಾರನ ಬದುಕಿಗೂ ಚೀಟಿನ ಹುಡುಗನ ಬಾಯಿಗೂ ನಡುವೆ ಒಂದು ಕೈಗಾರಿಕೆ ಇದೆ. ಎಚ್ಚರಿಕೆಯ ಚಿತ್ರ, ತೆರಿಗೆ, ನಿರ್ಬಂಧ ಯಾವುದಿದ್ದರೂ ಅದರ ಮೇಲೆ ಬೀಳಬೇಕು.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಎತ್ತುವವರು ಕೆಲಸದ ಭಾರ ಹೊತ್ತ ಶಸ್ತ್ರಚಿಕಿತ್ಸಕರೇ. ಈಗಾಗಲೇ ವಾರಗಟ್ಟಲೆ ಸರತಿ ಇದೆ. ಮನೆಮನೆಗೆ ಹೋಗಿ ಇನ್ನಷ್ಟು ಜನರನ್ನು ಹುಡುಕಿ ತಂದರೆ ಯಾರು ನೋಡಬೇಕು? ಬಿಳಿ ಕಲೆ ಕಂಡವರೆಲ್ಲ ಬಯಾಪ್ಸಿಗೆ ಬಂದು ಹೆದರಿ ಸಾಯಬೇಕೆ? ಇದಕ್ಕೆ ನನ್ನ ಉತ್ತರ ಇಷ್ಟು. ಬಲಿತ ರೋಗಕ್ಕೆ ದವಡೆ ಕೊಯ್ದು, ಕಾಲಿನ ಫಿಬುಲಾ ಎಲುಬನ್ನು ರಕ್ತನಾಳಸಮೇತ ತಂದು ಹೊಸ ದವಡೆ ಕಟ್ಟುವ ಆಪರೇಷನ್ನು ಎಂಟು-ಹತ್ತು ತಾಸು ಹಿಡಿಯುತ್ತದೆ. ಆರಂಭದ ಹುಣ್ಣನ್ನು ಕೊಯ್ದು ಹೊಲಿಯುವುದಕ್ಕೆ ಅದರ ಸಣ್ಣದೊಂದು ಪಾಲು ಸಾಕು. ಬೇಗ ಹುಡುಕಿದರೆ ಮೊದಲ ಒಂದೆರಡು ವರ್ಷ ಸರತಿ ಬೆಳೆಯುತ್ತದೆ, ಆಮೇಲೆ ಥಿಯೇಟರಿನ ತಾಸುಗಳು ಉಳಿಯತೊಡಗುತ್ತವೆ ಎಂದು ನಾನು ನಂಬುತ್ತೇನೆ. ಆದರೆ ಆ ಮೊದಲ ಒಂದೆರಡು ವರ್ಷಕ್ಕೆ ವೈದ್ಯರು, ಬಯಾಪ್ಸಿ ಓದುವವರು ಬೇಕು ಎಂಬ ಅವರ ಮಾತು ನಿಜ. ಅದಕ್ಕೆ ದುಡ್ಡು ತೆಗೆದಿಡದೆ ತಪಾಸಣೆ ಶುರುಮಾಡುವುದು ಹಳ್ಳಿಯವನಿಗೆ ಮಾಡುವ ಮೋಸ. ವಿಮೆಯ ಪ್ಯಾಕೇಜಿನಲ್ಲಿ ದವಡೆ ಕೊಯ್ಯುವುದಕ್ಕೆ ದರ ಬರೆದಿದೆ. ಹದಿನೈದು ದಿನಕ್ಕೊಮ್ಮೆ ಕರೆದು ಕಡ್ಡಿ ಎಣಿಸುವುದಕ್ಕೆ, ಕಲೆ ಅಗಲವಾಯಿತೇ ಎಂದು ನೋಡುವುದಕ್ಕೂ ದರ ಬರೆಯಬೇಕು.

ಪತ್ತೆಯಾದವರ ಪಟ್ಟಿ ಎಲ್ಲಿರಬೇಕು ಎಂಬುದು ಕೊನೆಯ ತೊಡಕು. ಧಾರವಾಡದ ಕಾಲೇಜಿನಲ್ಲಿದ್ದರೆ ಉಗರಗೋಳದವನು ತಪ್ಪಿಸಿಕೊಂಡದ್ದು ಅವರಿಗೆ ತಿಳಿಯುವುದಿಲ್ಲ. ಆಶಾಳ ಚೀಲದಲ್ಲಿದ್ದರೆ ಬಾಯಿ ಮುಚ್ಚುತ್ತಿರುವುದನ್ನು ಅಳೆಯುವವರಿರುವುದಿಲ್ಲ. ಸವದತ್ತಿಯ ತಾಲೂಕು ಆಸ್ಪತ್ರೆಯ ದಂತವೈದ್ಯರ ಹತ್ತಿರ ಇರಬೇಕು, ಅವರ ಕೈಕೆಳಗೆ ವರ್ಷವಿಡೀ ಒಬ್ಬಿಬ್ಬರು ಇಂಟರ್ನ್‌ಗಳು ಇರಬೇಕು, ಅವರನ್ನು ಧಾರವಾಡ-ಬೆಳಗಾವಿಯ ಕಾಲೇಜುಗಳು ಸರತಿಯಂತೆ ಕಳಿಸಬೇಕು. ಬಿಡಿಎಸ್ ಓದಿದ ಪ್ರತಿಯೊಬ್ಬರೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಲೇಬೇಕಾದ್ದರಿಂದ ಜನಕ್ಕೆ ಕೊರತೆಯಿಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ದಾರಿಯುದ್ದಕ್ಕೂ ಭಂಡಾರದ ಅಂಗಡಿಗಳ ಮಗ್ಗುಲಲ್ಲೇ ಚೀಟಿನ ಸರಗಳು ತೂಗುತ್ತವೆ. ಅಲ್ಲಿ ಎರಡು ಟೇಬಲ್ ಹಾಕಿ ನೋಡುವುದು ಸುಲಭ. ಕಷ್ಟವಿರುವುದು ಅಲ್ಲಿ ಸಿಕ್ಕ ರಾಮದುರ್ಗದವನನ್ನು ರಾಮದುರ್ಗದ ಪಟ್ಟಿಗೆ, ಬೈಲಹೊಂಗಲದವನನ್ನು ಬೈಲಹೊಂಗಲದ ಪಟ್ಟಿಗೆ ಸೇರಿಸುವುದರಲ್ಲಿ, ಮತ್ತು ಮೂರು ತಿಂಗಳಾದ ಮೇಲೆ ಅವನಿಗೆ ಫೋನು ಮಾಡಿ ‘ಮೂರು ಬೆರಳು ಹೋಗ್ತಾವೇನಪಾ’ ಎಂದು ಕೇಳುವುದು ಯಾರ ಕೆಲಸವೆಂದು ಆದೇಶದಲ್ಲೇ ಬರೆದಿಡುವುದರಲ್ಲಿ.